ಮುಯ್ಯಾಳಿನ ಲೆಕ್ಕಕ್ಕೆ ಸಿಗದ ಮನೆ



ಹಿರಿಯೂರು ತಾಲ್ಲೂಕಿನ ಧರ್ಮಪುರದ ಸುತ್ತ ಹಳೆಯ ಮಾಳಿಗೆ ಮನೆ ಸಿಕ್ಕರೆ ಒಳಗೆ ನಿಂತು ತಲೆಯೆತ್ತಿ ನೋಡಿರಿ. ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ ಸೊಪ್ಪಿನ ಹಾಸು, ಎಲ್ಲಕ್ಕೂ ಮೇಲೆ ದಪ್ಪನೆಯ ಮಣ್ಣು. ನೀರು ಇಳಿಯದಿರಲೆಂದು ಬಯಲುಸೀಮೆಯವರು ಕರಲು ಮಣ್ಣು ಹರಡಿ ಬಡಿಯುತ್ತಿದ್ದರು. ಕಲಸಲು, ಹೊರಲು, ಮೇಲಕ್ಕೆ ನೀಡಲು ಎಷ್ಟು ಕೈಗಳಿದ್ದರೂ ಸಾಲದು. ಅದಕ್ಕೇ ಮುಯ್ಯಾಳು: ಇಂದು ನಾನು ನಿನ್ನ ಮನೆಗೆ, ನಾಳೆ ನೀನು ನನ್ನ ಮನೆಗೆ. ಕೂಲಿಯಿಲ್ಲ, ಊಟ ಮಾತ್ರ ಮನೆಯವರದು.

ಯೇಸುಸ್ವಾಮಿಯ ನಾಡಿನ ಬಡವರ ಮನೆಗಳ ಚಾವಣಿಯೂ ಹೆಚ್ಚುಕಡಿಮೆ ಹೀಗೇ ಇತ್ತು. ಸಂತ ಮಾರ್ಕನ ಶುಭಸಂದೇಶ 2:1-12 ಓದಿರಿ. ಕಫೆರ್ನವುಮಿನಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ಮಾಳಿಗೆ ಹತ್ತುತ್ತಾರೆ. ಮೂಲ ಗ್ರೀಕಿನಲ್ಲಿ 'ಅಗೆದು' ಎಂಬ ಅರ್ಥದ ಪದವೇ ಇದೆ. ಸಂತ ಲೂಕ (5:19) ಹೆಂಚು ಎನ್ನುತ್ತಾನೆ. ಮಂಗಳೂರು ಹೆಂಚಿನಡಿ ಬೆಳೆದವರಿಗೆ ಅದು ಹತ್ತಿರ, ನಮಗೆ ಮಾರ್ಕನ ಮಾತೇ ಸಲೀಸು.

ಈಗ ಯೋಚಿಸಿರಿ. ಆ ರೋಗಿ ಆ ನಾಲ್ವರಲ್ಲಿ ಯಾರ ಮನೆಗಾದರೂ ಒಂದು ಬುಟ್ಟಿ ಮಣ್ಣು ಹೊತ್ತಿರಬಲ್ಲನೇ? ಮುಯ್ಯಿ ತೀರಿಸುವ ಶಕ್ತಿ ಅವನಿಗಿರಲಿಲ್ಲ. ಆದರೂ ಅವರು ಬಂದರು. ಪ್ರಭು ಕಂಡದ್ದು 'ಅವರ' ವಿಶ್ವಾಸವನ್ನು.

ಮುಯ್ಯಿ ಎಂಬ ಪದಕ್ಕೆ ನಮ್ಮಲ್ಲಿ ಉಡುಗೊರೆ ಎಂದೂ ಅರ್ಥ, ಸೇಡು ಎಂದೂ ಅರ್ಥ. ಎರಡರಲ್ಲೂ ಲೆಕ್ಕವಿದೆ. ಪದ್ಧತಿ ಒಳ್ಳೆಯದೇ, ಆದರೆ ಆಳು ಕಳುಹಿಸಲಾರದ ವಿಧವೆ, ಹಾಸಿಗೆ ಹಿಡಿದವರು, ಮಕ್ಕಳು ದೂರವಾದ ವೃದ್ಧರು ಈ ಲೆಕ್ಕದಿಂದ ಹೊರಗುಳಿಯುತ್ತಾರೆ. ಮರಳಿ ಕರೆಯಲಾಗದವರನ್ನೇ ಊಟಕ್ಕೆ ಕರೆಯಿರೆಂದು ಪ್ರಭು ಹೇಳಿದ್ದು (ಲೂಕ 14:12-14) ಇಂಥವರ ಸಲುವಾಗಿಯೇ. ವಿಶ್ವಸಂಸ್ಥೆ 1987ನ್ನು ವಸತಿಹೀನರ ವರ್ಷವೆಂದು ಆಚರಿಸಿದಾಗ, ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಆಯೋಗವೂ ಪತ್ರ ಹೊರಡಿಸಿ, ವಸತಿ ಮನುಷ್ಯನ ಹಕ್ಕೆಂದು ಸಾರಿತು.

ಸರ್ಕಾರದ ವಸತಿ ಯೋಜನೆಗಳಿವೆ, ನಿಜ. ಹಣ ಬರುವುದು ಹಂತ ಹಂತವಾಗಿ. ಕೆಲಸ ನಿಂತರೆ ಮುಂದಿನ ಕಂತೂ ನಿಲ್ಲುತ್ತದೆ. ತಳಪಾಯಕ್ಕೇ ನಿಂತು ಹುಲ್ಲು ಬೆಳೆದ ಮನೆಗಳನ್ನು ನೀವೂ ಕಂಡಿದ್ದೀರಿ. ಅಲ್ಲಿ ಹತ್ತು ಜನರ ಎರಡು ದಿನದ ದುಡಿಮೆ ಬಡ್ಡಿಸಾಲವನ್ನೇ ತಪ್ಪಿಸೀತು.

ಈ ಭಾನುವಾರ ಪೂಜೆ ಮುಗಿಸಿ ಬರುವಾಗ ನಿಮ್ಮ ಬೀದಿಯಲ್ಲಿ ಅಂಥ ಮನೆ ಯಾರದೆಂದು ವಿಚಾರಿಸಿರಿ. ಅವರು ನಮ್ಮ ಧರ್ಮಕೇಂದ್ರದವರೇ ಎಂದು ಕೇಳುವುದು ಬೇಡ. ಹೋಗುವಾಗ ಹಾರೆ, ಬುಟ್ಟಿ ಮನೆಯಿಂದಲೇ ಒಯ್ಯಿರಿ. ಬುತ್ತಿಯನ್ನೂ ಕಟ್ಟಿಕೊಳ್ಳಿರಿ; ಅಷ್ಟು ಜನರಿಗೆ ಮುದ್ದೆ ಮಾಡಲು ಆ ಮನೆಯಲ್ಲಿ ಹಿಟ್ಟು ಇರಲಿಕ್ಕಿಲ್ಲ.