ದೊಡ್ಡ ಡ್ರಮ್‌ ಬಿಡಬೇಕಾ?

ಪ್ರಶ್ನೆ: ಗುಬ್ಬಿಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದೇನೆ. ಸ್ಕೂಲ್‌ ಬ್ಯಾಂಡ್‌ಸೆಟ್‌ನಲ್ಲಿ ಸೈಡ್‌ ಡ್ರಮ್‌ ಕೇಳಿದ್ದೆ, ದೊಡ್ಡ ಡ್ರಮ್‌ ಕೊಟ್ಟರು. ಹುಡುಗರು ನಗುತ್ತಾರೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಬಿಟ್ಟುಬಿಡು ಅಂತಾರೆ ಅಪ್ಪ.

ಉತ್ತರ: ಬೇಸರ ಮಾಡ್ಕೋಬೇಡ ಮಗಳೇ. ಕವಾಯತಿನಲ್ಲಿ ನಿಮಿಷಕ್ಕೆ 120 ಹೆಜ್ಜೆ. ಎಡಗಾಲು ನೆಲ ಮುಟ್ಟುವಾಗಲೇ ನಿನ್ನ ಏಟು ಬೀಳಬೇಕು. ನೀನು ಅವಸರ ಮಾಡಿದರೆ ಹಿಂದಿನ ಸಾಲುಗಳೆಲ್ಲ ಕಾಲು ತಪ್ಪುತ್ತವೆ. ನಗುವ ಹುಡುಗರೂ ನಿನ್ನ ಏಟಿಗೇ ಹೆಜ್ಜೆ ಹಾಕಬೇಕು! ಬೆಲ್ಟ್‌ ಮಾತ್ರ ಎರಡೂ ಭುಜಕ್ಕೆ ಸಮನಾಗಿ ಬರುವ ಹಾಗೆ ಕಟ್ಟಿಸಿಕೋ. ಬೆನ್ನು ನೋವು ಬಂದರೆ ಸುಮ್ಮನಿರಬೇಡ, ಪಿ.ಟಿ. ಮೇಷ್ಟ್ರಿಗೆ ಹೇಳು.

ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಿ. ಜಯಮ್ಮನವರು ರಂಗದ ಮೇಲೆ ಮೆರೆದವರು. ಆ ಊರಿನ ಹುಡುಗಿ ಡ್ರಮ್‌ ಹೊತ್ತರೆ ನಗುವಂಥದ್ದೇನಿದೆ? ರಕ್ಷಣಾ ಮತ್ತು ಶಿಕ್ಷಣ ಸಚಿವಾಲಯಗಳು ನಡೆಸುವ ರಾಷ್ಟ್ರಮಟ್ಟದ ಶಾಲಾ ಬ್ಯಾಂಡ್‌ ಸ್ಪರ್ಧೆಯಲ್ಲಿ ಹೆಣ್ಣುಮಕ್ಕಳ ತಂಡಗಳಿಗೇ ಬೇರೆ ವಿಭಾಗವಿದೆ.

ಅಪ್ಪನ ಚಿಂತೆ ಸುಳ್ಳಲ್ಲ. ಆದರೆ ಅಭ್ಯಾಸ ಬಿರುಸಾಗುವುದು ಆಗಸ್ಟ್‌ 15 ಮತ್ತು ಜನವರಿ 26ರ ಹಿಂದಿನ ವಾರಗಳಲ್ಲಿ. ಹತ್ತನೇ ತರಗತಿಯಲ್ಲಿ ಆಗಸ್ಟ್‌ವರೆಗೆ ನುಡಿಸ್ತೀನಿ, ಆಮೇಲೆ ಕಿರಿಯರಿಗೆ ಕಲಿಸಿಕೊಟ್ಟು ಓದಿಗೆ ಕೂರ್ತೀನಿ ಅಂತ ಹೇಳಿ ನೋಡು. ಅದಕ್ಕೂ ಮೊದಲು ಅವರನ್ನು ಒಮ್ಮೆ ತುಮಕೂರಿನ ಜಿಲ್ಲಾ ಪೆರೇಡ್‌ಗೆ ಕರೆದುಕೊಂಡು ಹೋಗು.