ಇಂದಿನ ಧಮ್ಮ ಚಿಂತನೆ: ಕಣ್ಣು ಮುಚ್ಚದ ಹುಡುಗ

 



ಉಡಿಗಾಲದ ನಮ್ಮ ಬಳಗದಲ್ಲಿ ಹೋದ ಭಾನುವಾರ ಸಿಗಾಲೋವಾದ ಸುತ್ತ ಓದಿದೆವು. ಶಿಷ್ಯರಿಗೆ ಗುರು ಮಾಡಬೇಕಾದ ಐದು ಕೆಲಸಗಳನ್ನು ಭಗವಾನ್ ಬುದ್ಧರು ಅಲ್ಲಿ ಹೇಳಿದ್ದಾರೆ: ಚೆನ್ನಾಗಿ ತರಬೇತಿ ಕೊಡುವುದು, ಮನದಟ್ಟಾಗುವಂತೆ ಕಲಿಸುವುದು, ವಿದ್ಯೆಯನ್ನು ಬಚ್ಚಿಡದಿರುವುದು, ಗೆಳೆಯರ ನಡುವೆ ಶಿಷ್ಯನ ಬಗ್ಗೆ ಒಳ್ಳೆಯ ಮಾತಾಡುವುದು, ಎಲ್ಲ ದಿಕ್ಕುಗಳಲ್ಲೂ ರಕ್ಷಣೆ ಕೊಡುವುದು. ಮೊದಲ ಮೂರನ್ನು ನಾನು ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಕೊನೆಯ ಎರಡನ್ನು ನನಗೆ ಕಲಿಸಿದವನು ಎಂಟನೇ ತರಗತಿಯ ಒಬ್ಬ ಹುಡುಗ.

ನಾನು ಪಾಠ ಮಾಡುವುದು ಗುಂಡ್ಲುಪೇಟೆ ಕಡೆಯ ಒಂದು ಪ್ರೌಢಶಾಲೆಯಲ್ಲಿ. ಕೇರಳವೂ ತಮಿಳುನಾಡೂ ಹತ್ತಿರ. ಕನ್ನಡ, ಉರ್ದು, ತಮಿಳು, ಮಲಯಾಳಂ ಮನೆಮಾತಿನ ಮಕ್ಕಳು, ಕಾಡಂಚಿನ ಸೋಲಿಗರ ಮಕ್ಕಳು, ನಮ್ಮ ಕೇರಿಯ ಮಕ್ಕಳು ಎಲ್ಲರೂ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪರೀಕ್ಷೆಯ ಭಯ, ಮೊಬೈಲ್ ಗೀಳು, ಸಣ್ಣಪುಟ್ಟ ಜಗಳ ಹೆಚ್ಚಾದಾಗ, ಮಕ್ಕಳ ಮನಸ್ಸಿಗೆ ನೆಮ್ಮದಿ ಸಿಗಲೆಂದು ದಿನವೂ ಐದು ನಿಮಿಷ ಉಸಿರು ಗಮನಿಸುವುದನ್ನು ಶುರು ಮಾಡಿದೆ. ಎಲ್ಲರೂ ಕಣ್ಣು ಮುಚ್ಚುತ್ತಿದ್ದರು, ಆ ಸೋಲಿಗರ ಹುಡುಗನೊಬ್ಬನನ್ನು ಬಿಟ್ಟು. ಒಂದು ದಿನ ಗದರಿದೆ. ಆಮೇಲೆ ಹೊರಗೆ ಕರೆದು ಕೇಳಿದೆ.

"ಕಣ್ ಮುಚ್ಕಂಡ್ರ ಹಿಂದಗಡವ್ರು ಏನ್ ಮಾಡರೋ ಅಂತ ಭಯ ಆಯ್ತದ ಸಾ" ಅಂದ.

ಅವನ ಮಾತಿನ ರಾಗವನ್ನು ಅಣಕಿಸುತ್ತಿದ್ದರು, ಕೂದಲು ಎಳೆಯುತ್ತಿದ್ದರು. ನಾನೇ ಕಣ್ಣು ಮುಚ್ಚಿ ಕೂತಿದ್ದೆನಲ್ಲ, ನನಗೆ ಕಾಣಲಿಲ್ಲ. ಅಂದು ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ನೋಡಿದೆ. ಮಕ್ಕಳು ಗುಂಪು ಗುಂಪಾಗಿ ಕೂತಿದ್ದರು. ಯಾವ ಗುಂಪು ಯಾವ ಬೀದಿಯದು ಎಂದು ಯಾರೂ ಹೇಳಬೇಕಿರಲಿಲ್ಲ.

1900ರ ನವೆಂಬರ್ 7ರಂದು ಬಾಬಾಸಾಹೇಬರು ಸಾತಾರದ ಶಾಲೆಗೆ ಸೇರಿದರು. ಕೂರಲು ಗೋಣಿತಟ್ಟನ್ನು ಮನೆಯಿಂದ ಒಯ್ಯಬೇಕಿತ್ತು. ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ನೀರಿಲ್ಲ. ಆ ಮಗುವಿಗೆ ಉಸಿರು ಗಮನಿಸು ಎಂದಷ್ಟೇ ಹೇಳಿದ್ದರೆ ಸಾಕಾಗುತ್ತಿತ್ತೇ? ಬೊಗಸೆಯೊಡ್ಡಿ ನೀರು ಕುಡಿದು ಓದಿದ ನಾನೇ ಇದನ್ನು ಮರೆತಿದ್ದೆ.

ಉಸಿರಿನ ಅಭ್ಯಾಸ ಬಿಡಲಿಲ್ಲ, ಅದರ ಜೊತೆಗೆ ಮೂರು ಕೆಲಸ ಸೇರಿಸಿದೆ. ವಾರಕ್ಕೊಮ್ಮೆ ಚೀಟಿ ಎತ್ತಿ ಕೂರುವ ಜಾಗ ಬದಲಿಸುವುದು. ಹಾಜರಿ ಪುಸ್ತಕದ ಕ್ರಮದಲ್ಲಿ ಎಲ್ಲರೂ ಸರದಿಯಂತೆ ಊಟ ಬಡಿಸುವುದು. ಶನಿವಾರ ಒಬ್ಬೊಬ್ಬರು ತಮ್ಮ ಮನೆಮಾತಿನ ಹತ್ತು ಪದ ಕಲಿಸುವುದು. ಆ ಹುಡುಗ ಕಾಡಿನ ಮರಗಳ ಹೆಸರು ಹೇಳಿಕೊಟ್ಟ. ಅಣಕಿಸಿದವರೇ ಬರೆದುಕೊಂಡರು. ನಾನೂ ಬರೆದುಕೊಂಡೆ.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಪೋಷಕರೊಬ್ಬರು ಬಂದು "ಯಾರ್ ಬಡಿಸ್ತಾರೆ ಅಂತ ವಸಿ ನೋಡ್ಕಳಿ ಮೇಷ್ಟ್ರೇ" ಅಂದರು. "ಪುಸ್ತಕದಲ್ಲಿ ಇರೋ ಕ್ರಮದಲ್ಲೇ ಬಡಿಸ್ತಾರೆ" ಅಂದೆ. ಕೈ ನಡುಗುತ್ತಿತ್ತು. ಸರದಿ ಬದಲಿಸಲಿಲ್ಲ. ನಾಲ್ಕು ದಿನ ಅವರ ಮಗಳು ಮನೆಯಿಂದ ಬುತ್ತಿ ತಂದಳು. ಐದನೆಯ ದಿನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಳು.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಕರುಣೆಗಿಂತ ಮುಂದೆ ಹೋಗಿ ಮೈತ್ರಿಯನ್ನು ಕೇಳುತ್ತಾರೆ. ಆ ಹುಡುಗನನ್ನು ಕಂಡು ಅಯ್ಯೋ ಅನ್ನುವುದು ಕರುಣೆ. ಅವನು ಬೆನ್ನ ಹಿಂದಿನ ಭಯವಿಲ್ಲದೆ ಕೂರುವಂತೆ ಕೋಣೆಯನ್ನೇ ಬದಲಿಸುವುದು ಮೈತ್ರಿ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಸಮತೆ ಇಲ್ಲದ ಕಡೆ ಧ್ಯಾನ ಬರೀ ಮೌನ.

ಈಗ ಅವನು ಕಣ್ಣು ಮುಚ್ಚುತ್ತಾನೆ. ಕೆಲವು ದಿನ ಅರ್ಧ ತೆರೆದಿರುತ್ತವೆ. ನಾನು ಏನೂ ಹೇಳುವುದಿಲ್ಲ. ನನ್ನ ಕಣ್ಣು ಮಾತ್ರ ಆ ಐದು ನಿಮಿಷ ತೆರೆದೇ ಇರುತ್ತವೆ.

ಇಂದಿನ ಅಭ್ಯಾಸ: ನಮ್ಮ ಮನೆಯಲ್ಲಿ, ಕೆಲಸದ ಜಾಗದಲ್ಲಿ, ನಮ್ಮ ಬಳಗದಲ್ಲೇ ಯಾರು ನೆಮ್ಮದಿಯಿಂದ ಕಣ್ಣು ಮುಚ್ಚಲಾರರು? ಒಬ್ಬರನ್ನು ನೆನೆಯೋಣ. ಸಂಜೆಯೊಳಗೆ ಅವರಿಗಾಗಿ ಒಂದು ಕೆಲಸ ಮಾಡೋಣ.

ಭವತು ಸಬ್ಬ ಮಂಗಲಂ.