ಸುಂದರಬನ: ಏರುವ ಕಡಲು, ಸೊರಗುವ ಸುಂದರಿ

ಗಂಗಾ-ಬ್ರಹ್ಮಪುತ್ರ-ಮೇಘನಾ ನದಿಗಳ ಮುಖಜ ಭೂಮಿಯಲ್ಲಿರುವ ಸುಂದರಬನ ಮ್ಯಾಂಗ್ರೋವ್ ಕಾಡಿನ ವಿಸ್ತೀರ್ಣ ಸುಮಾರು 10,000 ಚದರ ಕಿ.ಮೀ.; ಅದರಲ್ಲಿ ಸುಮಾರು ಶೇ. 60 ಬಾಂಗ್ಲಾದೇಶದ್ದು, ಉಳಿದದ್ದು ಪಶ್ಚಿಮ ಬಂಗಾಳದ್ದು. ಸಮುದ್ರಮಟ್ಟ ಏರಿದರೆ ಕಾಡು ಮುಳುಗುತ್ತದೆ ಎಂದಷ್ಟೇ ಹೇಳಿದರೆ ಸಾಲದು. ಮುಳುಗುವ ಮೊದಲೇ ಉಪ್ಪು ಅದರ ಸ್ವರೂಪವನ್ನು ಬದಲಿಸುತ್ತದೆ. ಮ್ಯಾಂಗ್ರೋವ್ ಉಪ್ಪುನೀರಿನ ಗಿಡವೇ ಅಲ್ಲವೇ ಎಂದು ಕೇಳಬಹುದು. ಆದರೆ ಎಲ್ಲ ಜಾತಿಗಳ ಸಹನೆ ಒಂದೇ ಅಲ್ಲ. ಸಿಹಿನೀರು ಬೆರೆತ ಕಡೆ ಹುಲುಸಾಗಿ ಬೆಳೆಯುವ ಸುಂದರಿ ಮರ ಉಪ್ಪು ಹೆಚ್ಚಿದಲ್ಲಿ ಸೊರಗುತ್ತದೆ. ಬಾಂಗ್ಲಾದೇಶದ ಭಾಗದಲ್ಲಿ ಅದನ್ನು ವ್ಯಾಪಕವಾಗಿ ಕಾಡುತ್ತಿರುವ ತುದಿ ಒಣಗುವ ರೋಗಕ್ಕೆ ಉಪ್ಪಿನ ಒತ್ತಡವೂ ಒಂದು ಕಾರಣವೆಂದು ಪರಿಗಣಿಸಲಾಗಿದೆ: ನೆತ್ತಿಯ ರೆಂಬೆಗಳು ಎಲೆ ಕಳಚಿಕೊಂಡು ಬೋಳಾಗುತ್ತವೆ, ಒಣಗುವಿಕೆ ಮೆಲ್ಲನೆ ಕೆಳಗಿಳಿಯುತ್ತದೆ. ಆ ಜಾಗಕ್ಕೆ ಉಪ್ಪು ತಾಳುವ, ಗಿಡ್ಡನೆಯ ಗೇವಾ, ಗೊರಾನ್ ಜಾತಿಯ ಗಿಡಗಳು ಬರುತ್ತವೆ. ಉಪಗ್ರಹ ಚಿತ್ರದಲ್ಲಿ ಹಸಿರು ಹಾಗೇ ಕಂಡರೂ ಕಾಡು ಮೊದಲಿನದಾಗಿ ಉಳಿದಿರುವುದಿಲ್ಲ.

ಉಪ್ಪು ಹೆಚ್ಚಿದ್ದಕ್ಕೆ ಗಂಗೆಗೆ ಅಡ್ಡಲಾಗಿ ಕಟ್ಟಿದ, 1975ರಲ್ಲಿ ಕಾರ್ಯಾರಂಭಿಸಿದ ಫರಕ್ಕಾ ಬ್ಯಾರೇಜೇ ಕಾರಣ, ಹವಾಮಾನವಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಸುಂದರಬನಕ್ಕೆ ಗಂಗೆಯ ಸಿಹಿನೀರು ತರುವ ಗೊರಾಯಿ ನದಿಯ ಹರಿವು ಬೇಸಿಗೆಯಲ್ಲಿ ಕುಗ್ಗಿದ್ದು ನಿಜ. ಆದರೆ ಈ ಎರಡು ಕಾರಣಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಉಪ್ಪನ್ನು ಹಿಂದಕ್ಕೆ ತಳ್ಳುವ ನದಿ ಬಡವಾದಾಗಲೇ ಕಡಲು ಏರುತ್ತಿದೆ. 2009ರ ಐಲಾ, 2020ರ ಅಂಫಾನ್‌ನಂಥ ಚಂಡಮಾರುತಗಳ ಅಲೆ ಉಪ್ಪನ್ನು ಇನ್ನೂ ಒಳಕ್ಕೆ ತಂದಿದೆ. ಹೂಳು ಶೇಖರವಾಗಿ ನೆಲವೇ ಏರುತ್ತದೆ ಎಂಬ ಭರವಸೆಯೂ ಹೂಳಿನ ಪೂರೈಕೆಗೆ ಕಟ್ಟುಬಿದ್ದದ್ದು. ಅಣೆಕಟ್ಟುಗಳು ಅದನ್ನು ಮೇಲೆಯೇ ತಡೆಯುತ್ತವೆ. ಕಾಡು ಒಳನಾಡಿಗೆ ಸರಿಯೋಣವೆಂದರೆ ಬೆನ್ನಿಗೆ ಒಡ್ಡು, ಗದ್ದೆ, ಜನವಸತಿ. ಹಾಗಾಗಿ ಸಸಿ ನೆಡುವುದಕ್ಕಿಂತ ಮೊದಲು ಬೇಸಿಗೆಯ ಸಿಹಿನೀರಿನ ಹರಿವನ್ನು ಖಾತರಿಪಡಿಸಬೇಕು, ಅದೂ ಎರಡೂ ದೇಶಗಳು ಕೂಡಿ.